ಒನಕೆಯ ಏಟಿಗೆ ಕಲಿತ ಇಂಗ್ಲಿಷ್

ನಾನು ‘ಎಕ್ಸಾಮಿನೇಷನ್’ ಎನ್ನುವಾಗ ಬಲಗೈ ತಾನಾಗಿ ಮೇಲೇಳುತ್ತದೆ ಎಂದು ನಗುತ್ತೀರಲ್ಲ ಮಕ್ಕಳೇ, ನಗಿ. ಅದರ ಕಾರಣವನ್ನು ಎದುರು ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಆಗ ಆರನೇ ಕ್ಲಾಸು. ಇಂಗ್ಲಿಷ್ ಓದುವ ಪರೀಕ್ಷೆಯಲ್ಲಿ ಪಾಸಾದರೆ ಏಳಕ್ಕೆ ಹೋಗು, ಇಲ್ಲದಿದ್ದರೆ ಗದ್ದೆಗೆ ಬಾ ಎಂದಿದ್ದರು ಅಪ್ಪ. ನಮ್ಮದು ಗಡಿಯ ಊರು; ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಇಂಗ್ಲಿಷ್ ಎರಡೂ ಕಡೆ ಇರಲಿಲ್ಲ. ಉದ್ದ ಪದಗಳನ್ನು ಹೆಡ್‌ಮಾಷ್ ಪುಸ್ತಕದಲ್ಲಿ ತುಂಡು ಮಾಡಿ, ಒತ್ತಿ ಹೇಳಬೇಕಾದ ತುಂಡಿಗೆ ಪೆನ್ಸಿಲಿನ ಗೀಟು ಹಾಕಿಕೊಟ್ಟಿದ್ದರು. ಆದರೂ ನನ್ನ ಬಾಯಲ್ಲಿ ಎಲ್ಲವೂ ಒಂದೇ ಸಮ.

ಅಜ್ಜಿಯೂ ನಾನೂ ಭತ್ತ ಕುಟ್ಟುವಾಗ ಆ ಪದಗಳನ್ನೇ ಗೊಣಗುತ್ತಿದ್ದೆ.

“ಏನೇ ಅದು, ಎಲ್ಲಾ ಏಟೂ ಒಂದೇ ತರ? ಹಂಗೆ ಕುಟ್ಟಿದ್ರೆ ಉಮಿ ಬಿಡ್ತದಾ?”

“ಇಂಗ್ಲಿಷ್ ಅಜ್ಜಿ, ಭತ್ತ ಅಲ್ಲ.”

“ಯಾವುದಾದ್ರೇನು, ಕುಟ್ಟು.”

ಎಕ್‌–ಸಾ–ಮಿ–ನೇ–ಷನ್. ಐದು ಏಟು, ಗೀಟು ಹಾಕಿದ್ದ ನಾಲ್ಕನೆಯದು ಗಟ್ಟಿ. ಪಾಪ್‌–ಯು–ಲೇ–ಷನ್. ನಾಲ್ಕು ಏಟು, ಮೂರನೆಯದು ಗಟ್ಟಿ. ಓದು ಬಾರದ ಅಜ್ಜಿ ಒನಕೆ ನಿಲ್ಲಿಸಿದಳು. “ಕೊನೇಲಿ ‘ಷನ್’ ಇದ್ರೆ ಅದ್ರ ಹಿಂದಿಂದೇ ಗಟ್ಟಿ ಏಟು. ಇಷ್ಟು ಹೇಳಕ್ಕೆ ನಿಮ್ಮ ಮಾಷ್‌ಗೆ ಸಂಬಳ ಬೇರೆ!”

ತಿರುನೆಲ್ಲಿ ಕಡೆಯ ಕಾಡಿನಲ್ಲಿ ನಕ್ಸಲರನ್ನು ಹುಡುಕಲು ಬಂದ ಪೊಲೀಸರು ಆ ವರ್ಷ ಅರ್ಧ ಶಾಲೆಯಲ್ಲಿ ಬೀಡುಬಿಟ್ಟಿದ್ದರು. ಪರೀಕ್ಷೆಯ ದಿನ ಅವರಲ್ಲೊಬ್ಬ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ. ನಾನು ಎದ್ದೆ. ಕೈಯಲ್ಲಿ ಒನಕೆ ಇಲ್ಲದೆ ಮಾತೇ ಹೊರಡಲಿಲ್ಲ. ಗದ್ದೆ ನೆನಪಾಯಿತು. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ತಲೆಯ ಮೇಲಕ್ಕೆತ್ತಿ ಶುರುಮಾಡಿದೆ: “ಎಕ್! ಸಾ! ಮಿ!”

ಬೀಡಿ ಕೆಳಗೆ ಬಿತ್ತು. ಮುಷ್ಟಿ ಎತ್ತಿ ಕೂಗುವವರನ್ನು ಹಿಡಿಯಲೆಂದೇ ಬಂದಿದ್ದ ಪುಣ್ಯಾತ್ಮ ಎರಡೇ ಹೆಜ್ಜೆಗೆ ಒಳಗಿದ್ದ. “ಎಂತಾ ಕುಟ್ಟೀ ಇದು? ಏನು ಹುಡುಗೀ, ಘೋಷಣೆಯಾ?”

“ಅಲ್ಲ... ಒನಕೆ,” ಎಂದೆ. ನನಗೇ ಕೇಳಿಸಲಿಲ್ಲ.

ಹೆಡ್‌ಮಾಷ್ ನಗು ನುಂಗಿಕೊಂಡು, “ಕೈ ಇಳಿಸಿ ಹೇಳು ಮಗಳೇ,” ಎಂದರು.

“ಬರಲ್ಲ ಮಾಷೇ.”

“ಹಾಗಾದರೆ ಗೋಡೆ ಕಡೆ ತಿರುಗಿ ಎತ್ತು. ಪೊಲೀಸ್ ಸಾರ್ ಹೆದರುತ್ತಾರೆ.” ನಾನು ಬೋರ್ಡಿದ್ದ ಗೋಡೆಯ ಕಡೆ ತಿರುಗಿದೆ. ಪಾಠದಲ್ಲಿಲ್ಲದ ಪದವನ್ನೇ ಬೋರ್ಡಿನಲ್ಲಿ ಬರೆದು ಓದೆಂದರು. ಗೀಟು ಇರಲಿಲ್ಲ, ಕೊನೆಯಲ್ಲಿ ‘ಷನ್’ ಇತ್ತು. ಕಲ್‌–ಟಿ–ವೇ–ಷನ್. ಮೂರನೆಯ ಏಟಿಗೆ ಜಡೆಯೇ ಬಿಚ್ಚಿಹೋಯಿತು.

ಪಾಸಾದೆ. ಅಪ್ಪ ಏಳನೇ ಕ್ಲಾಸಿನ ಪುಸ್ತಕ ತಂದರು. ಪೊಲೀಸಿನವನ ಕತೆಯನ್ನೆಲ್ಲ ಹೇಳಿದರೆ ಅಜ್ಜಿ ಕೇಳಿದ್ದು ಒಂದೇ: “ಅದಿರಲಿ, ಗಟ್ಟಿ ಏಟು ಸರಿಯಾದ ಕಡೆ ಬಿತ್ತಾ?”