ನಿಮಿಷಕ್ಕೆ ಹತ್ತು ಪದ

ನನ್ನ ಅತ್ತಿಗೆ ದರ್ಜಿ. ಏಳನೇ ಕ್ಲಾಸಿನಲ್ಲಿ ಫೇಲಾಗಿ ಮಷಿನ್ ಮುಂದೆ ಕೂತವಳು. ಇವತ್ತು ಅವಳ ಕೆಲಸದತ್ತ ಬೆರಳು ತೋರಿಸುವ ಧೈರ್ಯ ಈ ಬೀದಿಯಲ್ಲಿ ಯಾರಿಗೂ ಇಲ್ಲ. ನಾನು ಅವಳ ಅಂಗಡಿಯ ಬಾಗಿಲಲ್ಲಿ ಕೂತು ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಈ ವಿಷಯ ಹೇಳುವಾಗಂತೂ ಮೈಯೆಲ್ಲ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಳತೆ ಚೀಟಿಯನ್ನು ಅತ್ತಿಗೆಯ ಮಗಳು ಗಟ್ಟಿಯಾಗಿ ಓದಬೇಕು. ಎಂಟು ವರ್ಷದ ಹುಡುಗಿ. ದಿನವಿಡೀ ‘ಯಾಕೆ, ಯಾಕೆ’ ಅಂತ ತಲೆ ತಿನ್ನುತ್ತಾಳೆಂದು ನಾವೆಲ್ಲ ಅವಳನ್ನು ಯಾಕಮ್ಮ ಅನ್ನುತ್ತೇವೆ. ಓದುವಾಗ ಏನಾದರೂ ಎಡವಟ್ಟು ಕಂಡರೆ ಅಲ್ಲೇ ನಿಲ್ಲಬೇಕು, ಮುಂದೆ ಹೋಗಕೂಡದು. ಒಮ್ಮೆ “ತೋಳು ಮೂವತ್ತೆರಡು” ಅಂತ ಓದಿ ನಿಂತಳು. “ಅಮ್ಮಾ, ಈ ಮನುಷ್ಯನ ಕೈ ಮೊಣಕಾಲು ಮುಟ್ಟುತ್ತಾ?” ಇಪ್ಪತ್ತೆರಡು ಬರೆಯಬೇಕಾದಲ್ಲಿ ನಾನು ಮೂವತ್ತೆರಡು ಬರೆದಿದ್ದೆ. ಬಟ್ಟೆ ಉಳಿಯಿತು. ನನಗೆ ಬೈಗುಳ, ಅವಳಿಗೆ ಮುತ್ತು.

ಆ ವರ್ಷ ಶಾಲೆಗೆ ಹೊಸ ಪರೀಕ್ಷೆ ಬಂತು. ಎಲ್ಲ ಶಾಲೆಗಳಿಗೂ ಒಂದೇ ಪುಟ, ಓದಲು ಒಂದೇ ನಿಮಿಷ. ಐವತ್ತು ಪದ ಓದಿದವರು ತಮ್ಮ ಕ್ಲಾಸಿನಲ್ಲೇ ಇರಬಹುದು. ಉಳಿದವರು ಹಿಂದಿನ ಕೋಣೆಗೆ. ಅಲ್ಲಿ ದಿನವಿಡೀ ವೇಗವಾಗಿ ಓದುವ ಅಭ್ಯಾಸ, ಬೇರೇನೂ ಇಲ್ಲ. ನಮಗೆ ಚಿಂತೆಯೇ ಇರಲಿಲ್ಲ, ಹುಡುಗಿ ಪೇಪರನ್ನೇ ಓದುತ್ತಿದ್ದಳಲ್ಲ!

ಶಾಲೆಯಿಂದ ಚೀಟಿ ಬಂತು: ಹತ್ತು ಪದ. ಹಿಂದಿನ ಕೋಣೆ.

“ಏನಾಯ್ತೇ?” ಅಂದಳು ಅತ್ತಿಗೆ.

“ಅದ್ರಲ್ಲಿ ತಪ್ಪಿತ್ತಮ್ಮ. ‘ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನು ಬಟ್ಟೆ ಕತ್ತರಿಸಿದ. ಆಮೇಲೆ ಅಳತೆ ತೆಗೆದುಕೊಂಡ.’ ಕತ್ತರಿಸಿದ ಮೇಲೆ ಅಳತೆ ಯಾಕೆ ಅಂತ ಕೇಳ್ದೆ. ಪರೀಕ್ಷೆ ಸಾರು ಗಡಿಯಾರಾನೇ ನೋಡ್ತಿದ್ರು. ಉತ್ತರ ಹೇಳ್ತಾರೆ ಅಂತ ನಾನೂ ನಿಂತಿದ್ದೆ.”

ಆ ಪುಟ ಬರೆದ ಮಹಾನುಭಾವನ ಕೈಗೆ ಕತ್ತರಿ ಕೊಟ್ಟು ಅವನ ಪ್ಯಾಂಟನ್ನು ಅವನೇ ಹೊಲಿದುಕೊಳ್ಳಲಿ ಅನ್ನಬೇಕಿತ್ತು! ಮಾರನೇ ದಿನ ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೆಡ್‌ಮಾಸ್ಟರ ಮುಂದೆ ಹೋಗಿ ಕೂತೆವು.

“ಸಾರ್, ಮಗು ಕೇಳಿದ್ದು ಸರಿ ತಾನೇ?” ಅಂದಳು ಅತ್ತಿಗೆ.

“ಸರಿ ಇರಬಹುದಮ್ಮ. ಆದ್ರೆ ಇದು ಓದೋ ಪರೀಕ್ಷೆ. ಅರ್ಥಕ್ಕೆ ಇದರಲ್ಲಿ ಕಾಲಂ ಇಲ್ಲ.”

“ಅರ್ಥ ಆಗದೆ ಓದಿದ್ರೆ ಅದು ಓದು ಹೇಗಾಗುತ್ತೆ ಸಾರ್?”

“ನೋಡಿ, ಎಲ್ಲರಿಗೂ ಒಂದೇ ಅಳತೆ. ನಿಮ್ಮ ಮಗಳಿಗೊಂದು ಬೇರೆ ಮಾಡಕ್ಕಾಗಲ್ಲ.”

ನನಗೆ ತಡೆಯಲಾಗಲಿಲ್ಲ. “ಹಾಗಾದ್ರೆ ನಿಮ್ಮ ಕೋಟನ್ನೂ ಅವಳ ಅಳತೇಲೇ ಹೊಲಿದುಕೊಡ್ತೀವಿ, ಹಾಕ್ಕೊಂಡು ಬನ್ನಿ!” ಅತ್ತಿಗೆ ನನ್ನ ತೊಡೆ ಚಿವುಟಿದಳು.

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ನೀವು ಎಷ್ಟನೇ ಕ್ಲಾಸು ಓದಿದೀರಮ್ಮ?”

“ಏಳು, ಸಾರ್. ಫೇಲು.”

ನಕ್ಕರು. ಬರೀ ಅಷ್ಟೇ. ಊರಿಗೆಲ್ಲ ಅಂಗಿ ಹೊಲಿದುಕೊಟ್ಟವಳು ಆ ನಗುವಿಗೆ ತಲೆ ತಗ್ಗಿಸಿ ಎದ್ದು ಬಂದಳು. ಅವರ ನಗು ನೆನೆದರೆ ನನಗೆ ಇವತ್ತಿಗೂ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಯಾಕಮ್ಮ ಹಿಂದಿನ ಕೋಣೆಗೆ ಹೋದಳು. ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಈ ಸಲ ಅರವತ್ತೆರಡು ಪದ! ಚೀಟಿಯ ಮೇಲೆ ಕೆಂಪು ನಕ್ಷತ್ರ, ಹೆಡ್‌ಮಾಸ್ಟರ ಸಹಿ. ನಾನು ಕುಣಿದಾಡಿದೆ. ಅತ್ತಿಗೆ ಮಾತ್ರ ಚೀಟಿಯನ್ನು ಮಡಚಿ ಮಷಿನ್ ಡ್ರಾಯರಿನಲ್ಲಿಟ್ಟಳು.

“ಕತೇಲಿ ಏನಿತ್ತೇ?”

“ಗೊತ್ತಿಲ್ಲಮ್ಮ.”

ಅತ್ತಿಗೆ ನನ್ನ ಕಿವಿಯಲ್ಲಿ, “ಒಂದು ಅಳತೆ ಬರಿ. ತೋಳು ತೊಂಬತ್ತು ಅಂತ ಹಾಕು,” ಅಂದಳು. ಬರೆದುಕೊಟ್ಟೆ. ಬಟ್ಟೆ ಹಾಸಿ, ಕತ್ತರಿ ಹಿಡಿದು, ಮಗಳನ್ನು ಕರೆದಳು.

ಯಾಕಮ್ಮ ಒಂದೇ ಉಸಿರಿಗೆ ಓದಿದಳು. ಎದೆ ನಲವತ್ತು, ಸೊಂಟ ಮೂವತ್ತಾರು, ತೋಳು ತೊಂಬತ್ತು, ಕುತ್ತಿಗೆ ಹದಿನೈದು. ಎಲ್ಲೂ ನಿಲ್ಲಲಿಲ್ಲ. ಮುಗಿಸಿ, ಗೋಡೆ ಗಡಿಯಾರದ ಕಡೆ ನೋಡಿದಳು.

“ಎಷ್ಟು ಸೆಕೆಂಡ್ ಆಯ್ತಮ್ಮಾ?”

ಅತ್ತಿಗೆ ಕತ್ತರಿ ಕೆಳಗಿಟ್ಟಳು.