ಸೂಜಿಯ ಮೇಲಿನ ಕೆಂಪು ಬೊಟ್ಟು

ನನ್ನ ಗಂಡ ರಿಮೋಟ್ ಹಿಡಿದು ಹಾರಿಸುತ್ತಿದ್ದ ಪುಟ್ಟ ವಿಮಾನದ ಇಂಜಿನ್ ಒಂದು ಮುಷ್ಟಿಯಷ್ಟೇ ಇದೆ. ಆದರೆ ಅದು ಕೂಗಿದರೆ ಎದೆ ಅದುರುತ್ತದೆ. ಅದರ ಕಾರ್ಬ್ಯುರೇಟರ್‌ಗೆ ತಿರುಪಿನಂಥ ಒಂದು ಸೂಜಿ. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಹೊರಕ್ಕೆ ತಿರುಗಿಸಿದರೆ ಹೆಚ್ಚು. ಒಂದು ಆಯುಧಪೂಜೆಯ ದಿನ ನಾನು ಎಲ್ಲಕ್ಕೂ ಇಟ್ಟಂತೆ ಆ ಸೂಜಿಯ ತಲೆಗೂ ಕುಂಕುಮ ಇಟ್ಟೆ. ಇಂಧನ ತಾಗಿ ಅದು ಅಳಿಸಿಹೋದಾಗ ಅವರು ಅದೇ ಜಾಗಕ್ಕೆ ಕೆಂಪು ಪೇಂಟ್ ಮುಟ್ಟಿಸಿದರು. ಸೂಜಿ ಎಷ್ಟು ತಿರುಗಿದೆ ಎನ್ನುವುದಕ್ಕೆ ಆ ಬೊಟ್ಟೇ ಅವರ ಗುರುತಾಯಿತು.

ಬೇಸಿಗೆಯಲ್ಲಿ ಕೊನೆಯ ಸಲ ಹಾರಿಸಿ ತಂದಿಟ್ಟಾಗ ಬೊಟ್ಟು ಮೇಲ್ಮುಖವಾಗಿತ್ತು. ಅದೇ ವಾರ ಅವರು ತೀರಿಹೋದರು. ಆಮೇಲೆ ಧೂಳು ಒರೆಸುವಾಗಲೂ ನಾನು ಸೂಜಿಗೆ ಬಟ್ಟೆ ತಾಕಿಸಲಿಲ್ಲ. ಅವರ ಬೆರಳು ಅದನ್ನು ಎಲ್ಲಿ ಬಿಟ್ಟಿತ್ತೋ ಅಲ್ಲೇ ಇತ್ತು.

ಚಳಿಗಾಲ ಬಂದಾಗ, ಅವರ ಜೊತೆ ವಿಮಾನ ಹಾರಿಸುತ್ತಿದ್ದ ಗೆಳೆಯರೊಬ್ಬರು ಮನೆಗೆ ಬಂದರು.

"ಅತ್ತಿಗೆ, ಇಂಧನದಲ್ಲಿ ಹರಳೆಣ್ಣೆ ಇರ್ತದೆ. ಒಳಗೆ ಅಂಟಾಗ್ಬಿಟ್ರೆ ಇಂಜಿನ್ ಹಿಡ್ಕೊಂಡ್ಬಿಡ್ತದೆ. ಒಂದ್ಸಲನಾದ್ರೂ ಓಡಿಸ್ಬೇಕು."

ಮಧುರೆ ಹಳ್ಳಿಯ ಕಡೆ, ರಾಗಿ ಕೊಯ್ದಿದ್ದ ಆ ಗೆಳೆಯರ ಹೊಲಕ್ಕೆ ಬೆಳಿಗ್ಗೆಯೇ ಹೋದೆವು. ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ ಅವರು ಕೋಲಿನಿಂದ ಪ್ರೊಪೆಲ್ಲರ್ ತಟ್ಟಿದರು. ಅದು ಹತ್ತಿಕೊಂಡ ಸದ್ದಿಗೆ ನಾನು ಹಿಂದೆ ಸರಿದೆ. ಅದೇ ಪ್ರೊಪೆಲ್ಲರ್ ಒಮ್ಮೆ ನನ್ನ ಗಂಡನ ಬೆರಳನ್ನು ಮೂಳೆ ಕಾಣುವಂತೆ ಸೀಳಿತ್ತು.

ಗೆಳೆಯರು ವೇಗ ಕೊಟ್ಟು ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದರು. ಸದ್ದು ಕೀರಲಾಯಿತು, ಆಮೇಲೆ ಸೊರಗಿತು. ತಕ್ಷಣ ಇಳಿಸಿ ವೇಗ ತಗ್ಗಿಸಿದರು.

"ಇಂಧನ ಸಾಲ್ತಿಲ್ಲ. ಬೇಸಿಗೆಗೆ ಇಟ್ಟ ಸೂಜಿ ಈ ಚಳಿಗೆ ಆಗಲ್ಲ. ಸ್ವಲ್ಪ ಹೊರಕ್ಕೆ ತಿರುಗಿಸ್ಬೇಕು."

"ಬೇಡಣ್ಣ. ಅವರು ಇಟ್ಟಿದ್ದು ಹಾಗೇ ಇರ್ಲಿ."

"ಹಿಂಗೇ ಓಡಿದ್ರೆ ಸುಟ್ಟೋಗ್ತದೆ. ಬೊಟ್ಟು ಉಳಿತದೆ, ಇಂಜಿನ್ ಉಳಿಯಲ್ಲ."

ಅವರ ಕೈ ಸೂಜಿಯ ಕಡೆ ಹೋಯಿತು.

"ನೀವು ಮುಟ್ಬೇಡಿ."

ಅವರು ಕೈ ಹಿಂದೆಗೆದುಕೊಂಡು ನಕ್ಕರು. "ಅವನೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. 'ನೀನು ಗೂಟ ಕಣೋ, ವಿಮಾನ ಹಿಡ್ಕೊಂಡು ನಿಂತ್ಕೋ' ಅಂತಿದ್ದ ನಂಗೆ. ಹಂಗಾದ್ರೆ ನೀವೇ ಬನ್ನಿ. ಸೆರಗು ಬಿಗಿಯಾಗಿ ಸಿಕ್ಕಿಸ್ಕೊಳ್ಳಿ. ಕೈ ಹಿಂದಿನಿಂದ ತನ್ನಿ, ಮುಂದಿನಿಂದ ಬೇಡ."

ಮಂಡಿಯೂರಿದೆ. ತಿರುಗುವ ರಭಸಕ್ಕೆ ಪ್ರೊಪೆಲ್ಲರ್ ಕಾಣುತ್ತಲೇ ಇರಲಿಲ್ಲ, ಗಾಳಿ ಮಾತ್ರ ಮುಖಕ್ಕೆ ಹೊಡೆಯುತ್ತಿತ್ತು. ಅದು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯದೆ ಕೈ ಎರಡು ಸಲ ಅರ್ಧದಿಂದ ಹಿಂದೆ ಬಂತು. ಮೂರನೆಯ ಸಲ ಸೂಜಿ ಬೆರಳಿಗೆ ಸಿಕ್ಕಿತು, ಬಿಸಿಯಾಗಿತ್ತು. ತಿರುಗಿಸಿದೆ. ಬೊಟ್ಟು ಪಕ್ಕಕ್ಕೆ ವಾಲಿತು.

"ಇನ್ನೊಂಚೂರು."

ಬೊಟ್ಟು ಕೆಳಗೆ ಸರಿದು ಕಾಣದಾಯಿತು. ಅವರು ಮತ್ತೆ ವೇಗ ಕೊಟ್ಟು ಮೂತಿ ಎತ್ತಿದರು. ಸದ್ದು ಸೊರಗಲಿಲ್ಲ. ಬಿಳಿ ಹೊಗೆಯ ಜೊತೆ ಸುಟ್ಟ ಹರಳೆಣ್ಣೆಯ ವಾಸನೆ ಬಂತು. ಭಾನುವಾರ ನನ್ನ ಗಂಡ ಈ ವಾಸನೆ ಹೊತ್ತು ಬಂದರೆ ನಾನು ಬಾಗಿಲಲ್ಲೇ ತಡೆದು ಬಚ್ಚಲಿಗೆ ಕಳಿಸುತ್ತಿದ್ದೆ.

ಇಂಜಿನ್ ನಿಲ್ಲಿಸಿದ ಮೇಲೆ ಗೆಳೆಯರು ಮೆಲ್ಲಗೆ ಹೇಳಿದರು. "ಓಡಿದ್ದಾಯ್ತಲ್ಲ ಅತ್ತಿಗೆ. ಬೇಕಾದ್ರೆ ಬೊಟ್ಟು ಮೊದ್ಲಿನಂಗೇ ಇಟ್ಕೊಳ್ಳಿ."

ಎಣ್ಣೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

"ಬೇಡಣ್ಣ. ಮುಂದಿನ ವಾರ ಓಡಿಸೋವಾಗ್ಲೂ ಚಳಿಯೇ ಇರತ್ತೆ."