ಮಾಸ್ತರರು ದೇವರನ್ನು ಬೈದಿರಲಿಲ್ಲ

ಮಾಸ್ತರರು ಕಿವಿ ಅಲ್ಲಾಡಿಸುತ್ತಿದ್ದರು. ಕೈ ಮುಟ್ಟಿಸದೆ, ಎರಡನ್ನೂ, ದನ ನೊಣ ಓಡಿಸಿದಂತೆ. ಮಕ್ಕಳು ಬಿದ್ದು ಬಿದ್ದು ನಕ್ಕ ಮೇಲೆ, "ನಕ್ಕಿದ್ದು ಆತಿಲ್ಲೋ? ಈಗ ಹೇಳ್ರಿ, ಮನುಷ್ಯಾಗ ಈ ಸ್ನಾಯು ಯಾಕ ಬೇಕಿತ್ತು?" ಎಂದು ಪಾಠ ಶುರು ಮಾಡುತ್ತಿದ್ದರು. ನಾರಾಯಣಗೂಡದ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ನನ್ನ ಮಗಳಿಗೆ ವಿಜ್ಞಾನ ಕಲಿಸಿದವರು ಅವರು.

ನಾನು ಬಾಲಾನಗರದ ವರ್ಕ್‌ಶಾಪಿನಲ್ಲಿ ಫಿಟ್ಟರ್, ಓದಿದ್ದು ಹತ್ತನೆಯವರೆಗೆ. ಜೀವಿಗಳನ್ನು ಯಾರೂ ಕೂತು ರೂಪಿಸಿಲ್ಲ, ನೈಸರ್ಗಿಕ ಆಯ್ಕೆಯಿಂದ ಹೀಗಾಗಿವೆ ಎಂದು ಮಗಳು ಹೇಳಿದಾಗ ಮೈಯೆಲ್ಲ ಉರಿಯಿತು. ಪಾಲಕರ ಸಭೆಗೆ ವರ್ಕ್‌ಶಾಪಿನ ಗೇಜ್ ಒಯ್ದೆ. ನಾವು ತಯಾರಿಸಿದ ಪಿನ್ನು ಅದರ ತೂತಿನಲ್ಲಿ ಹೋದರೆ ಪಾಸು, ಇಲ್ಲವಾದರೆ ಗುಜರಿಗೆ.

"ಇಷ್ಟು ಸಣ್ಣ ಕಬ್ಬಿಣಕ್ಕ ಮಾಡಿದಾವ ಅದಾನ. ಮನುಷ್ಯಾನ ಕಣ್ಣಿಗೆ ಇಲ್ಲೇನ್ರಿ?" ಎಂದೆ.

ಮಾಸ್ತರರು ಅದನ್ನು ತಿರುಗಿಸಿ ನೋಡಿದರು. "ಭಾಳ ಛಲೋ ಉದಾಹರಣೆ ತಂದೀರಿ ಅಣ್ಣಾರ. ಇದು ಪಿನ್ನು ಮಾಡ್ತೈತೇನ್ರಿ? ಇಲ್ಲ. ಹೊಂದಿದ್ದನ್ನ ಬಿಡ್ತೈತಿ, ಅಷ್ಟ. ಪ್ರತಿ ಹುಟ್ಟಿನಾಗೂ ಒಂದೀಟು ಫರಕ್ ಇರ್ತೈತಿ. ಚಳಿ, ಹಸಿವು, ರೋಗ ಇವು ಗೇಜ್ ಇದ್ದಂಗ. ಪಾಸಾದದ್ದು ಮರಿ ಹಾಕ್ತೈತಿ."

"ಆ ಗೇಜ್ ಯಾರು ಮಾಡ್ಯಾರ?"

"ಅದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದನ್ನ ಹೆಂಗ ಕಲಿಸ್ಲಿ? ಅದನ್ನ ಮನ್ಯಾಗ ನೀವ ಹೇಳ್ರಿ."

ಹಿಂದಿನಿಂದ ಯಾರೋ, "ಫಿಟ್ಟರ್ ಸಾಹೇಬ್ರ, ನಿಮ್ಮ ಗೇಜ್ ಮಾಸ್ತರ ಕಡೆ ಆತಲ್ರಿ!" ಎಂದರು. ಸಭೆ ನಕ್ಕಿತು.

ಆ ನಗುವಿಗಾಗಿ, ಕೇವಲ ಆ ನಗುವಿಗಾಗಿ, ಮರುದಿನ ಅರ್ಜಿ ಬರೆದೆ: ಈತ ತರಗತಿಯಲ್ಲಿ ದೇವರನ್ನು ಬೈಯುತ್ತಾನೆ. ಹಸಿ ಸುಳ್ಳು. ಹನ್ನೊಂದು ಮಂದಿ ಪಾಲಕರು ಓದದೆಯೇ ಸಹಿ ಹಾಕಿದರು, ಹೇಡಿಗಳು. ಆಡಳಿತ ಮಂಡಳಿ ಒಂದು ಮಾತು ವಿಚಾರಿಸದೆ ಅವರನ್ನು ತೆಗೆದುಹಾಕಿತು.

ಆಮೇಲೆ ಅವರು ಬೇಗಂ ಬಜಾರಿನ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೂಗಲು ನಿಂತರು. ಒಮ್ಮೆ ಎದುರಾದಾಗ ಕೆಮ್ಮುತ್ತಲೇ ಕೇಳಿದರು: "ಮಗಳು ಹೆಂಗ ಓದಾಕತ್ತಾಳ್ರಿ? ಪ್ರಶ್ನೆ ಕೇಳೋದು ಬಿಡಿಸಬ್ಯಾಡ್ರಿ." ಬೈಯಬಾರದಿತ್ತೇ? ಕೆನ್ನೆಗೆ ಬಾರಿಸಬಾರದಿತ್ತೇ? ಅವರ ಆ ಸೌಜನ್ಯದ ಮೇಲೂ ನನಗೆ ಸಿಟ್ಟಿದೆ.

ಹೋದ ತಿಂಗಳು ತೀರಿಕೊಂಡರು. ಶಾಲೆಯ ಶ್ರದ್ಧಾಂಜಲಿ ಸಭೆಯಲ್ಲಿ, ಅವರನ್ನು ಹೊರಹಾಕಿದ ಕಾರ್ಯದರ್ಶಿಯೇ ಫೋಟೋಗೆ ಹಾರ ಹಾಕಿ, ಸ್ವಂತ ಇಚ್ಛೆಯಿಂದ ನಿವೃತ್ತರಾದರು ಎಂದ. ಸತ್ಯ ಹೇಳಲೆಂದು ಎದ್ದು ನಿಂತೆ.

"ಹೂವು ಹಾಕ್ತೀರೇನ್ರಿ? ಬರ್ರಿ, ಬರ್ರಿ," ಎಂದ.

ಹೋಗಿ ಹೂವು ಹಾಕಿ, ಬಂದು ಕೂತೆ. ಹಾಗೆ ಕೂತದ್ದು ಅರ್ಜಿ ಬರೆದದ್ದಕ್ಕಿಂತ ಹೊಲಸು. ಅಂದು ನುಂಗಿದ್ದನ್ನು ಇಲ್ಲಿ ಬರೆದಿದ್ದೇನೆ. ನಾಳೆ ಇದನ್ನು ಹಿಡಿದು ಅವರ ಹೆಂಡತಿಯ ಬಳಿ ಹೋಗುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಓದುತ್ತೇನೆ, ಓಣಿಗೆಲ್ಲ ಕೇಳುವಂತೆ.